ಮೀಟರಿಗೆ ಎಷ್ಟು ಪೈಸೆ ಎಂದು ಕೇಳಿದವರ ಬದುಕು

ಇಚಲಕರಂಜಿಯಲ್ಲಿ ಧರಣಿಯೋ ಮೆರವಣಿಗೆಯೋ ನಡೆದರೆ ಮರುದಿನದ ಪತ್ರಿಕೆಗಳಲ್ಲಿ ಕೆ.ಎಲ್. ಮಲಾಬಾದೆ ಚೌಕದ ಹೆಸರು ಮತ್ತೆ ಮತ್ತೆ ಬರುತ್ತದೆ. ಬಸ್ಸಿನವರಿಗೆ, ರಿಕ್ಷಾದವರಿಗೆ, ತರಕಾರಿ ಮಾರುವವರಿಗೆ ಅದು ದಿನಬಳಕೆಯ ವಿಳಾಸ. ಮಲಾಬಾದೆ ವಿದ್ಯುತ್ ಮಗ್ಗದ ಕಾರ್ಮಿಕರನ್ನು ಕೆಂಬಾವುಟದ ಕೆಳಗೆ ಸಂಘಟಿಸಿದವರು, ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷದಿಂದ ಶಾಸಕರಾದವರು. ಊರು ಅವರನ್ನು ಗೌರವಿಸಿದೆ ಎಂಬುದಕ್ಕೆ ಚೌಕವೇ ಸಾಕ್ಷಿ. ಆದರೆ ಆ ಮನುಷ್ಯ ರಾತ್ರಿ ಪಾಳಿ ಮುಗಿಸಿ ಬಂದವರ ಜೊತೆ ಕೂತು ಏನು ಮಾತಾಡುತ್ತಿದ್ದರು, ಮಾಲೀಕರ ಎದುರು ಯಾವ ಲೆಕ್ಕ ಇಡುತ್ತಿದ್ದರು, ಸೋತ ಮುಷ್ಕರದ ಮರುದಿನ ಕೆಲಸ ಕಳೆದುಕೊಂಡವನ ಮನೆಗೆ ಹೋಗಿ ಏನು ಹೇಳುತ್ತಿದ್ದರು? ಇದನ್ನು ಚೌಕದ ಫಲಕ ಹೇಳಲಾರದು. ಪಂಚಗಂಗೆಯಿಂದ ಹಿರಣ್ಯಕೇಶಿಯವರೆಗೆ, ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಎಂಬ ಮೂರು ಊರುಗಳ ನಡುವೆ ಬದುಕಿದ ಇಂಥ ನೂರಾರು ಸಮಾಜವಾದಿ, ಕಮ್ಯುನಿಸ್ಟ್, ಶೇತಕರಿ ಕಾಮಗಾರ (ರೈತ ಕಾರ್ಮಿಕ) ಪಕ್ಷದ ಕಾರ್ಯಕರ್ತರ ಹೆಸರು ಎಲ್ಲೋ ಒಂದು ಕಡೆ ಉಳಿದಿದೆ. ಬದುಕು ಉಳಿಯಬೇಕಾದರೆ ಬೇರೆಯೇ ಕೆಲಸವಾಗಬೇಕು.

ಈ ಸೀಮೆ ನಮಗೆ ಹೊರಗಿನದಲ್ಲ. ಗಡಹಿಂಗ್ಲಜ ತಾಲ್ಲೂಕಿನ ಹಲಕರ್ಣಿ, ನೂಲ, ಹೆಬ್ಬಾಳ, ಮುಗಳಿ ಎಂಬ ಊರುಗಳ ಹೆಸರು ಕೇಳಿದರೇ ತಿಳಿಯುತ್ತದೆ. ಅಲ್ಲಿಂದ ಸಂಕೇಶ್ವರಕ್ಕೆ ಸಂತೆಗೆ ಬರುವವರು ಕನ್ನಡದಲ್ಲಿ ಚೌಕಾಸಿ ಮಾಡಿ ಮರಾಠಿಯಲ್ಲಿ ಅರ್ಜಿ ಬರೆಯುತ್ತಾರೆ. ಇಚಲಕರಂಜಿಯ ಮಗ್ಗಗಳಿಗೂ ನಮ್ಮ ಕಡೆಯ ನೇಕಾರ ಊರುಗಳಿಗೂ ನೂಲಿನ ನಂಟಿದೆ, ಕೆಲಸದ ನಂಟಿದೆ. ಹಾಗಾಗಿ ಅಲ್ಲಿನ ಕಾರ್ಮಿಕ ಕಾರ್ಯಕರ್ತನ ಜೀವನಚರಿತ್ರೆ ಮರಾಠಿಯವರ ಸೊತ್ತು ಎಂದು ನಾವು ಕೈತೊಳೆದುಕೊಂಡರೆ ನಮ್ಮದೇ ಅರ್ಧ ಕಥೆ ಕಳೆದುಕೊಳ್ಳುತ್ತೇವೆ.

ಇಚಲಕರಂಜಿಯ ಚರಿತ್ರೆ ಸಾಮಾನ್ಯವಾಗಿ 1904ರಿಂದ ಶುರುವಾಗುತ್ತದೆ. ವಿಠ್ಠಲರಾವ್ ದಾತಾರ್ ಆ ವರ್ಷ ಊರಿನ ಮೊದಲ ವಿದ್ಯುತ್ ಮಗ್ಗ ಹಾಕಿದರು, ಜಹಗೀರುದಾರ ನಾರಾಯಣರಾವ್ ಘೋರ್ಪಡೆ ಅದಕ್ಕೆ ಬೆಂಬಲ ಕೊಟ್ಟರು. ಮುಂದೆ ಸಹಕಾರಿ ನೂಲಿನ ಗಿರಣಿಗಳು ಬಂದವು. ಊರಿಗೆ ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎಂಬ ಹೆಸರು ಬಂತು, 2022ರಲ್ಲಿ ಮಹಾನಗರಪಾಲಿಕೆಯೂ ಆಯಿತು. ಇಷ್ಟನ್ನು ಯಾವ ಪರಿಚಯ ಪುಸ್ತಿಕೆಯಾದರೂ ಹೇಳುತ್ತದೆ. ಮಗ್ಗ ತಂದವರ ಹೆಸರು ಹೀಗೆ ಸುಲಭವಾಗಿ ಸಿಗುತ್ತದೆ, ಮಗ್ಗ ನಡೆಸಿದವರದು ಸಿಗುವುದಿಲ್ಲ. ಇದರಲ್ಲಿ ಯಾರದೋ ಸಂಚು ಹುಡುಕಬೇಕಿಲ್ಲ. ಬಂಡವಾಳ ಹಾಕಿದವನ ಬಳಿ ಪರವಾನಗಿ, ಸಾಲಪತ್ರ, ಉದ್ಘಾಟನೆಯ ಫೋಟೊ ಇರುತ್ತವೆ. ಕೂಲಿಗೆ ಬಂದವನ ಬಳಿ ಇದ್ದದ್ದು ವಾರದ ಚೀಟಿ, ಅದೂ ಜೇಬಿನಲ್ಲೇ ಬೆವರಿಗೆ ಕರಗಿಹೋಗುತ್ತಿತ್ತು.

ಅಂಥವನ ಪರವಾಗಿ ನಿಂತ ಕಾರ್ಯಕರ್ತನ ಬದುಕು ಅರ್ಥವಾಗಬೇಕಾದರೆ ಮೊದಲು ಆ ಚೀಟಿಯ ಲೆಕ್ಕ ಅರ್ಥವಾಗಬೇಕು. ವಿದ್ಯುತ್ ಮಗ್ಗದಲ್ಲಿ ಕೂಲಿ ಸಿಗುವುದು ನೇಯ್ದ ಮೀಟರಿಗೆ. ಆದರೆ ಎಲ್ಲ ಮೀಟರೂ ಒಂದೇ ಅಲ್ಲ. ಹಾಸಿನ ನಡುವೆ ಲಾಳಿ ಒಂದು ಸಲ ಓಡಿ ಹೊಕ್ಕಿನ ಒಂದು ಎಳೆ ಹಾಕಿದರೆ ಅದು ಒಂದು ಪಿಕ್. ಅಂಗುಲಕ್ಕೆ ಪಿಕ್ ಹೆಚ್ಚಿದಷ್ಟೂ ಬಟ್ಟೆ ಒತ್ತಾಗುತ್ತದೆ, ಹೊತ್ತೂ ಹೆಚ್ಚು ಹಿಡಿಯುತ್ತದೆ. ಇಚಲಕರಂಜಿಯಲ್ಲಿ 52 ಪಿಕ್ಕಿನ ಬಟ್ಟೆಯನ್ನು ಆಧಾರವಾಗಿ ಇಟ್ಟುಕೊಂಡು ಮೀಟರಿಗೆ ಇಷ್ಟು ಪೈಸೆ ಎಂದು ದರ ಮಾತಾಡುತ್ತಾರೆ. ಒಂದು ಮೀಟರಿನಲ್ಲಿ 39 ಅಂಗುಲಕ್ಕೆ ಸ್ವಲ್ಪ ಹೆಚ್ಚು. ಅಂದರೆ 52 ಪಿಕ್ಕಿನ ಒಂದು ಮೀಟರ್ ಬಟ್ಟೆಗೆ ಲಾಳಿ ಎರಡು ಸಾವಿರಕ್ಕಿಂತ ಹೆಚ್ಚು ಸಲ ಅತ್ತಿತ್ತ ಓಡಬೇಕು. ನಿಮಿಷಕ್ಕೆ 150 ಪಿಕ್ ಹಾಕುವ ಮಗ್ಗ ಎಂದುಕೊಳ್ಳಿ. ಒಂದೂ ಎಳೆ ಕಡಿಯದೆ ನಡೆದರೆ ಒಂದು ಮೀಟರಿಗೆ ಹದಿಮೂರು, ಹದಿನಾಲ್ಕು ನಿಮಿಷ. ಹನ್ನೆರಡು ತಾಸಿನ ಪಾಳಿಯಲ್ಲಿ ಒಂದು ಮಗ್ಗದಿಂದ ಐವತ್ತು ಮೀಟರಿನ ಆಸುಪಾಸು. ನೂಲು ಕಳಪೆಯಾಗಿದ್ದರೆ ಎಳೆ ಕಡಿಯುತ್ತಲೇ ಇರುತ್ತದೆ, ಮಗ್ಗ ನಿಲ್ಲುತ್ತಲೇ ಇರುತ್ತದೆ. ನೂಲು ಕೊಂಡವನು ಮಾಲೀಕ, ನಷ್ಟ ಮಾತ್ರ ಕಾರ್ಮಿಕನ ಚೀಟಿಯಲ್ಲಿ. ಕರೆಂಟು ಹೋದರೂ ಹಾಗೆಯೇ.

ಈ ಲೆಕ್ಕವನ್ನು ಬಾಯಲ್ಲೇ ಮಾಡಬಲ್ಲವನು, ಅದನ್ನು ಕಾರ್ಮಿಕ ಇಲಾಖೆಯ ಅಧಿಕಾರಿಯ ಎದುರು ಬಿಡಿಸಿ ಹೇಳಬಲ್ಲವನು, ಅವನೇ ಕಾರ್ಮಿಕರ ಮುಖಂಡನಾಗುತ್ತಿದ್ದ. 2013ರಲ್ಲಿ ಇಚಲಕರಂಜಿಯ ಮಗ್ಗದ ಕಾರ್ಮಿಕರು ನಡೆಸಿದ ದೀರ್ಘ ಮುಷ್ಕರದ ತಿರುಳೂ ಮೀಟರಿನ ದರವೇ. ಆ ಬಳಿಕ ತುಟ್ಟಿಭತ್ಯೆಯ ಏರಿಕೆಯನ್ನು ಪೈಸೆಯ ಲೆಕ್ಕದಲ್ಲಿ ಮೀಟರ್ ದರಕ್ಕೆ ಇಳಿಸಿ ಹೇಳುವ ಪದ್ಧತಿಯ ಸುತ್ತ ವರ್ಷವರ್ಷವೂ ಜಗ್ಗಾಟ ನಡೆದಿದೆ. ಕಾರ್ಯಕರ್ತನ ಜೀವನಚರಿತ್ರೆ ಬರೆಯುವವರು ಈ ಪೈಸೆಯ ಗಣಿತವನ್ನು ಬಿಟ್ಟು ‘ಶ್ರಮಿಕರಿಗಾಗಿ ಬಾಳು ತೇದರು’ ಎಂದು ಬರೆದುಬಿಡುತ್ತಾರೆ. ಅಂಥ ವಾಕ್ಯ ಯಾರ ಸ್ಮರಣ ಸಂಚಿಕೆಗೂ ಹೊಂದುತ್ತದೆ, ಆದ್ದರಿಂದಲೇ ಅದರಲ್ಲಿ ಯಾರೂ ಇರುವುದಿಲ್ಲ.

ಗೋವಿಂದ ಪಾನ್ಸರೆಯವರ ವಿಷಯದಲ್ಲಿ ಆಗಿರುವುದು ಇನ್ನೊಂದು ಬಗೆಯ ನಷ್ಟ. ಕನ್ನಡ ಓದುಗರಲ್ಲಿ ಬಹಳ ಮಂದಿಗೆ ಅವರ ಹೆಸರು ಗೊತ್ತಿರುವುದು ಕೊಲೆಯಾದವರ ಒಂದು ಸಾಲಿನಲ್ಲಿ: 2013ರ ಆಗಸ್ಟ್ 20ರಂದು ಪುಣೆಯಲ್ಲಿ ನರೇಂದ್ರ ದಾಭೋಲ್ಕರ್, 2015ರ ಫೆಬ್ರುವರಿಯಲ್ಲಿ ಕೊಲ್ಹಾಪುರದಲ್ಲಿ ಪಾನ್ಸರೆ, ಅದೇ ವರ್ಷ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್. ಫೆಬ್ರುವರಿ 16ರ ಬೆಳಿಗ್ಗೆ ಪತ್ನಿ ಉಮಾ ಅವರೊಂದಿಗೆ ವಾಯುವಿಹಾರ ಮುಗಿಸಿ ಮನೆ ಸೇರುವ ಹೊತ್ತಿಗೆ ಗುಂಡು ಬಿತ್ತು, 20ರಂದು ಪಾನ್ಸರೆ ತೀರಿಕೊಂಡರು. ನಮ್ಮ ನಾಡಿನ ಇಬ್ಬರ ಜೊತೆ ಅವರ ಹೆಸರು ಬರುವುದರಿಂದ ನಮಗೆ ಅವರು ಹತ್ತಿರದವರಾದರು. ಆದರೆ ಕೊಲೆಯ ಕಥೆ ಎಷ್ಟು ದೊಡ್ಡದಾಗುತ್ತದೆ ಎಂದರೆ ಅದರ ಹಿಂದಿನ ಎಂಬತ್ತೊಂದು ವರ್ಷ ಮುನ್ನುಡಿಯಾಗಿಬಿಡುತ್ತದೆ. ಇದು ಹಂತಕರಿಗೆ ಸಿಗಬಾರದ ಗೆಲುವು.

ಆ ಮುನ್ನುಡಿಯನ್ನೇ ಬಿಡಿಸಿ ನೋಡೋಣ. 1933ರ ನವೆಂಬರ್ 26ರಂದು ಆಗಿನ ಅಹಮದ್‌ನಗರ ಜಿಲ್ಲೆಯ ಕೋಲ್ಹಾರದಲ್ಲಿ ಹುಟ್ಟಿದ ಹುಡುಗ, ಮನೆಯಲ್ಲಿ ಬಡತನ. ಓದಲೆಂದು ಕೊಲ್ಹಾಪುರಕ್ಕೆ ಬಂದವರು ಪತ್ರಿಕೆ ಮಾರಿದರು, ನಗರಸಭೆಯಲ್ಲಿ ಜವಾನರಾದರು, ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಾದರು, ಕಾನೂನು ಓದಿದರು. 1952ರಲ್ಲೇ ಕಮ್ಯುನಿಸ್ಟ್ ಪಕ್ಷ ಸೇರಿದ್ದರು. 1964ರಿಂದ ಕಾರ್ಮಿಕರ ಮೊಕದ್ದಮೆ ಹಿಡಿಯುವ ವಕೀಲಿ. ಕೊಲ್ಹಾಪುರದವರಿಗೆ ಅವರು ‘ಅಣ್ಣಾ’. ಐದು ದಶಕದ ಆ ವಕೀಲಿಯಲ್ಲಿ ಒಬ್ಬೊಬ್ಬ ಕಕ್ಷಿದಾರನೂ ಒಂದೊಂದು ಕಥೆ: ಕೆಲಸದಿಂದ ತೆಗೆದುಹಾಕಿಸಿಕೊಂಡವನು, ಗ್ರಾಚುಯಿಟಿ ಸಿಗದವನು, ಯಂತ್ರಕ್ಕೆ ಬೆರಳು ಕೊಟ್ಟವನು. ಶಿವಾಜಿಯನ್ನು ರೈತರ ರಾಜನಾಗಿ ನೋಡುವ ಅವರ ಚಿಕ್ಕ ಪುಸ್ತಕ ‘ಶಿವಾಜಿ ಕೋಣ್ ಹೋತಾ?’ ಮೊದಲು ಭಾಷಣವಾಗಿದ್ದದ್ದು. 1988ರಲ್ಲಿ ಅಚ್ಚಾಗಿ ಲಕ್ಷಕ್ಕೂ ಮಿಕ್ಕಿ ಪ್ರತಿ ಹೋಯಿತು, ಕನ್ನಡವೂ ಸೇರಿ ಹಲವು ಭಾಷೆಗೆ ಬಂತು. ಕೋರ್ಟಿನಲ್ಲಿ ಕೂಲಿಯವನಿಗೆ ಅರ್ಥವಾಗುವಂತೆ ಕಾನೂನು ಹೇಳಿ ಹೇಳಿ ಪಳಗಿದ ನಾಲಿಗೆ ಆ ಪುಸ್ತಕದ ಭಾಷೆಯ ಹಿಂದಿದೆ ಎಂದೇ ನನ್ನ ಎಣಿಕೆ. ಕೊನೆಯ ವರ್ಷಗಳಲ್ಲಿ ಕೊಲ್ಹಾಪುರದ ರಸ್ತೆ ಟೋಲ್ ವಿರುದ್ಧದ ಜನಾಂದೋಲನದಲ್ಲಿ ಎನ್.ಡಿ. ಪಾಟೀಲರ ಜೊತೆ ಅವರೂ ಮುಂದಿದ್ದರು.

ಎನ್.ಡಿ. ಪಾಟೀಲ್ ಎಂದೊಡನೆ ಬೆಳಗಾವಿಯ ಓದುಗರಿಗೆ ನೆನಪಾಗುವುದು ಗಡಿ ತಕರಾರು, ಅದರಲ್ಲಿ ಅವರು ನಮ್ಮ ಎದುರು ಪಾಳಯದವರು. ಆ ಭಿನ್ನಾಭಿಪ್ರಾಯ ಹಾಗೇ ಇರಲಿ. ರೈತ ಕುಟುಂಬದಿಂದ ಬಂದು ಶೇತಕರಿ ಕಾಮಗಾರ ಪಕ್ಷದಲ್ಲೇ ಬಾಳು ಸವೆಸಿ 2022ರ ಜನವರಿಯಲ್ಲಿ ತೀರಿಕೊಂಡ ಆ ಹಿರಿಯರ ಕಥೆಯಿಂದ ಗಡಿಯ ಒಂದು ಅಧ್ಯಾಯವನ್ನು ಮಾತ್ರ ಹರಿದು ಇಟ್ಟುಕೊಳ್ಳುವುದು ಸರಿಯಲ್ಲ.

ಪಾನ್ಸರೆ ತಮ್ಮ ಕಥೆಗಿಂತ ಬೇರೆಯವರ ಕಥೆ ಉಳಿಯಲಿ ಎಂದು ಹೆಚ್ಚು ದುಡಿದವರು. ಅವರು ಕಟ್ಟಿದ ಶ್ರಮಿಕ ಪ್ರತಿಷ್ಠಾನ ಅಣ್ಣಾಭಾವು ಸಾಠೆಯವರ ಹೆಸರಿನಲ್ಲಿ ಸಾಹಿತ್ಯ ಸಮ್ಮೇಳನಗಳನ್ನು ನಡೆಸಿತು. ಈ ಆಯ್ಕೆಯಲ್ಲೇ ಒಂದು ನಿಲುವು ಇದೆ. ಅಣ್ಣಾಭಾವು ಹುಟ್ಟಿದ್ದು 1920ರಲ್ಲಿ, ಸಾಂಗಲಿ ಜಿಲ್ಲೆಯ ವಾಟೇಗಾಂವ್‌ನಲ್ಲಿ, ಮಾಂಗ ಜಾತಿಯಲ್ಲಿ. ಶಾಲೆಯ ಮೆಟ್ಟಿಲು ಹತ್ತಿಯೂ ಹತ್ತದಂತೆ ಬಿಟ್ಟವರು, ಮುಂಬೈಗೆ ಹೋಗಿ ಗಿರಣಿಯಲ್ಲಿ ದುಡಿದವರು. 1944ರಲ್ಲಿ ಅಮರ್ ಶೇಖ್, ಗವಾಣ್‌ಕರ್ ಅವರೊಂದಿಗೆ ಲಾಲ್ ಬಾವಟಾ ಕಲಾಪಥಕ ಕಟ್ಟಿ ಊರೂರು ತಿರುಗಿದರು. ‘ಫಕೀರಾ’ ಕಾದಂಬರಿಗೆ ರಾಜ್ಯ ಪ್ರಶಸ್ತಿ ಬಂತು. ಆದರೂ 1969ರಲ್ಲಿ ಸಾಯುವಾಗ ಬಡವರಾಗಿಯೇ ಸತ್ತರು. ಅವರ ಕಥೆ ಉಳಿದಿದ್ದರೆ ಕಾರಣ ಎರಡು. ತಾವೇ ಬರೆದರು. ಮತ್ತು ಅವರ ಪೋವಾಡ, ಲಾವಣಿ, ತಮಾಶಾಗಳನ್ನು ಹಾಡಿದವರಿದ್ದರು. ಬರೆಯುವ ಕೈ ಇಲ್ಲದ ಕಾರ್ಯಕರ್ತನ ಗತಿ ಏನು ಎಂಬ ಪ್ರಶ್ನೆ ಅಲ್ಲಿಂದ ಮುಂದೆ ಶುರುವಾಗುತ್ತದೆ.

ಇಚಲಕರಂಜಿಯಲ್ಲಿ ಆಚಾರ್ಯ ಶಾಂತಾರಾಮ ಗರುಡ 1977ರಲ್ಲಿ ಸಮಾಜವಾದಿ ಪ್ರಬೋಧಿನಿ ಸ್ಥಾಪಿಸಿದಾಗ ತುರ್ತು ಪರಿಸ್ಥಿತಿಯ ಬಿಸಿ ಆರಿರಲಿಲ್ಲ. ಪಕ್ಷ ಯಾವುದೇ ಇರಲಿ, ಸಮಾಜವಾದ ಓದಿ ಚರ್ಚಿಸಿ ಗಟ್ಟಿಯಾಗಬೇಕು ಎಂಬುದು ಅದರ ಆಶಯ. ವ್ಯಾಖ್ಯಾನ, ವಾಚನಾಲಯ, ಮಾಸಿಕ ಇವು ಅದರ ದಾರಿ. ನೇಕಾರರ ಊರಿನಲ್ಲಿ ಇಂಥ ಸಂಸ್ಥೆ ದಶಕಗಳ ಕಾಲ ನಡೆದದ್ದು ದೊಡ್ಡ ಮಾತು. ಇಂಥ ಮಾಸಿಕಗಳ ಹಳೆಯ ಸಂಚಿಕೆಗಳು ಕಾರ್ಯಕರ್ತರ ಬದುಕಿಗೆ ಸಿಗುವ ಒಳ್ಳೆಯ ಆಕರ. ಲೇಖನಗಳಿಗಿಂತ ಹೆಚ್ಚಾಗಿ ಕೊನೆಯ ಪುಟಗಳ ಶ್ರದ್ಧಾಂಜಲಿ, ಸಭೆಯ ವರದಿ, ದೇಣಿಗೆ ಕೊಟ್ಟವರ ಪಟ್ಟಿ. ಐದು ರೂಪಾಯಿ ಕೊಟ್ಟವನ ಹೆಸರು ಬೇರೆ ಯಾವ ಪುಸ್ತಕದಲ್ಲೂ ಸಿಗದಿರಬಹುದು.

ಹೆಂಗಸರ ಹೆಸರು ಆ ಪಟ್ಟಿಯಲ್ಲೂ ಕಡಿಮೆ. ಅದಕ್ಕೇ ನಿಪ್ಪಾಣಿಯ ಕಡೆ ನೋಡಬೇಕು. ಕೊಲ್ಹಾಪುರದ ದಕ್ಷಿಣಕ್ಕೆ, ಗಡಿ ದಾಟಿದೊಡನೆ ಸಿಗುವ ನಮ್ಮ ತಂಬಾಕಿನ ಊರು. ಅಲ್ಲಿನ ತಂಬಾಕು ಕಾರ್ಖಾನೆಗಳಲ್ಲಿ ಸೊಪ್ಪು ಕುಟ್ಟುವುದು, ಜರಡಿ ಹಿಡಿಯುವುದು ಹೆಂಗಸರ ಕೆಲಸ. ತಂಬಾಕಿನ ಧೂಳು ಕಣ್ಣಿಗೆ, ಮೂಗಿಗೆ, ಕುಡಿಸುವ ಎದೆಹಾಲಿಗೂ. 1980ರ ಸುಮಾರಿಗೆ ಅವರು ಸಂಘ ಕಟ್ಟಿಕೊಂಡು ಮಾಲೀಕರನ್ನು ಎದುರಿಸಿದರು. ಅದೇ ಹೊತ್ತಿಗೆ ದೀಪಾ ಧನರಾಜ್, ಅಭಾ ಭೈಯಾ, ಮೀರಾ ರಾವ್, ನವರೋಜ್ ಕಾಂಟ್ರಾಕ್ಟರ್ ಸೇರಿ ಬೆಂಗಳೂರಿನಲ್ಲಿ ಕಟ್ಟಿದ ‘ಯುಗಾಂತರ್’ ಎಂಬ ಚಿತ್ರ ತಂಡ ನಿಪ್ಪಾಣಿಗೆ ಹೋಯಿತು. ಹೋದೊಡನೆ ಕ್ಯಾಮೆರಾ ತೆರೆಯಲಿಲ್ಲ. ತಿಂಗಳುಗಟ್ಟಲೆ ಆ ಹೆಂಗಸರ ಜೊತೆ ಕೂತು ಮಾತು ಕೇಳಿದ ಮೇಲೆ, ಯಾವುದನ್ನು ತೋರಿಸಬೇಕು ಎಂಬುದನ್ನು ಅವರೊಂದಿಗೇ ಸೇರಿ ತೀರ್ಮಾನಿಸಿ 1982ರಲ್ಲಿ ‘ತಂಬಾಕೂ ಚಾಕಿಲಾ ಊಬ್ ಆಲಿ’ ಎಂಬ ಚಿತ್ರ ಮಾಡಿತು. ಅರ್ಧ ತಾಸಿಗೂ ಕಡಿಮೆ ಅವಧಿಯ, ಕಪ್ಪುಬಿಳುಪಿನ, 16 ಎಂ.ಎಂ. ಚಿತ್ರ.

ಈ ಚಿತ್ರದ ಹಿಂದಿನ ಪದ್ಧತಿಯೇ ನನಗೆ ಮುಖ್ಯ. ಒಬ್ಬ ನಾಯಕನನ್ನೋ ನಾಯಕಿಯನ್ನೋ ಆರಿಸಿ ಅವರ ಸುತ್ತ ಹೋರಾಟ ಹೆಣೆಯುವುದು ಸುಲಭವಿತ್ತು. ಯುಗಾಂತರ್ ಹಾಗೆ ಮಾಡಲಿಲ್ಲ. ಸಾಲಾಗಿ ಕೂತು ಮಾತಾಡುವ ಹೆಂಗಸರ ನಡುವೆಯೇ ಸಂಘಟನೆ ಹುಟ್ಟುವುದು ಕಾಣುತ್ತದೆ. ಯಾರು ಮೊದಲು ಧೈರ್ಯ ಮಾಡಿದರು, ಯಾರು ಹಿಂಜರಿದರು, ಮನೆಯಲ್ಲಿ ಗಂಡ ಏನೆಂದ, ಇದೆಲ್ಲ ಕಾರ್ಯಕರ್ತೆಯ ಜೀವನಚರಿತ್ರೆಯ ಒಳಗೇ ಬರಬೇಕಾದದ್ದು. ದಶಕಗಳ ಕಾಲ ಹೆಚ್ಚು ಜನ ನೋಡದೆ ಉಳಿದಿದ್ದ ಯುಗಾಂತರ್ ಚಿತ್ರಗಳನ್ನು ಬರ್ಲಿನ್ನಿನ ಆರ್ಸೆನಾಲ್ ಸಂಸ್ಥೆ ಈಚಿನ ವರ್ಷಗಳಲ್ಲಿ ಡಿಜಿಟಲ್ ರೂಪದಲ್ಲಿ ಸರಿಪಡಿಸಿ ಮತ್ತೆ ಹೊರತಂದಿತು. ನಿಪ್ಪಾಣಿಯ ಹೆಂಗಸರ ಮಾತನ್ನು ಉಳಿಸಲು ಬರ್ಲಿನ್ ಬೇಕಾಯಿತು ಎಂಬುದು ಸಂತೋಷವೂ ಹೌದು, ನಮ್ಮ ವಿಶ್ವವಿದ್ಯಾಲಯಗಳ ಪಾಲಿಗೆ ನಾಚಿಕೆಯೂ ಹೌದು.

ಗಡಹಿಂಗ್ಲಜದ ಕಥೆ ಇನ್ನೂ ಸೂಕ್ಷ್ಮ. 1975ರಲ್ಲಿ ಬಾಬಾ ಆಢಾವ್ ಅವರ ಬಳಗ, ಅಂದರೆ ಮಹಾತ್ಮಾ ಫುಲೆ ಸಮತಾ ಪ್ರತಿಷ್ಠಾನ, ಅಲ್ಲಿ ದೇವದಾಸಿಯರ ಸಮಾವೇಶ ನಡೆಸಿತು. ಪುಣೆಯಲ್ಲಿ ಹಮಾಲರನ್ನು ಸಂಘಟಿಸಿದ, ‘ಒಂದು ಊರು, ಒಂದೇ ನೀರಿನ ಜಾಗ’ ಎಂಬ ಚಳವಳಿ ಹೂಡಿದ ಸಮಾಜವಾದಿ ಬಾಬಾ ಆಢಾವ್. ಸವದತ್ತಿಯ ಯಲ್ಲಮ್ಮನ ಜಾತ್ರೆಗೆ ಕೊಲ್ಹಾಪುರ ಸೀಮೆಯಿಂದ ಬರುವ ಜನ ಎಷ್ಟೆಂದು ನಮಗೆ ಗೊತ್ತು. ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳಿಗೆ ರಾಜ್ಯದ ಗಡಿ ಇರಲಿಲ್ಲ. ಕರ್ನಾಟಕದ ದೇವದಾಸಿ ನಿಷೇಧ ಕಾಯ್ದೆ ಬಂದದ್ದು 1982ರಲ್ಲಿ, ಅಂದರೆ ಆ ಸಮಾವೇಶಕ್ಕಿಂತ ಏಳು ವರ್ಷ ತಡವಾಗಿ. ಅಂಥ ಸಭೆಯಲ್ಲಿ ಎದ್ದುನಿಂತು ಮಾತಾಡಿದವಳೂ ಕಾರ್ಯಕರ್ತೆಯೇ. ಅವಳ ಕೈಯಲ್ಲಿ ಪಕ್ಷದ ಕಾರ್ಡ್ ಇರದಿರಬಹುದು, ಹೆಸರು ವರದಿಯಲ್ಲಿ ಬರದಿರಬಹುದು. ಅವಳ ಕಥೆ ಕೇಳಹೋಗುವವರು ಮೊದಲು ಒಂದು ಒಪ್ಪಿಗೆ ಪಡೆಯಬೇಕು: ಯಾವುದನ್ನು ಬರೆಯಬಹುದು, ಯಾವುದನ್ನು ಬರೆಯಬಾರದು, ಮಕ್ಕಳಿಗೆ ಗೊತ್ತಿರುವುದೆಷ್ಟು. ಉಳಿಸುವ ಹುಮ್ಮಸ್ಸಿನಲ್ಲಿ ಬದುಕಿರುವವರಿಗೆ ಗಾಯ ಮಾಡುವ ಹಕ್ಕು ಯಾರಿಗೂ ಇಲ್ಲ.

ನೆನಪಿನಿಂದ ಹೇಳುವ ಕಥೆಯನ್ನು ಎಷ್ಟು ನಂಬಬೇಕು? ಈ ಪ್ರಶ್ನೆಗೆ ಇಟಲಿಯ ತೆರ್ನಿ ಎಂಬ ಉಕ್ಕಿನ ಊರು ಒಳ್ಳೆಯ ಉತ್ತರ ಕೊಡುತ್ತದೆ. ಲುಯಿಜಿ ತ್ರಾಸ್ತುಲ್ಲಿ ಎಂಬ ಇಪ್ಪತ್ತೊಂದರ ಕಾರ್ಮಿಕ 1949ರ ಮಾರ್ಚ್ 17ರಂದು, ನೇಟೊ ಒಪ್ಪಂದದ ವಿರುದ್ಧ ಕೆಲಸ ಬಿಟ್ಟು ಹೊರಬಂದಾಗ ಪೊಲೀಸರ ಕೈಯಲ್ಲಿ ಸತ್ತ. ದಶಕಗಳ ಬಳಿಕ ಅಲೆಸ್ಸಾಂದ್ರೊ ಪೊರ್ತೆಲ್ಲಿ ಎಂಬ ಸಂಶೋಧಕ ಆ ಊರಿನವರನ್ನು ಕೇಳಿದರೆ ಹಲವರು ಅವನು ಸತ್ತದ್ದು 1953ರಲ್ಲಿ, ಸಾವಿರಾರು ಮಂದಿಯನ್ನು ಕೆಲಸದಿಂದ ತೆಗೆದ ಕಾಲದ ಬೀದಿ ಕಾಳಗದಲ್ಲಿ ಎಂದರು. ಸುಳ್ಳು ಹೇಳುವ ಉದ್ದೇಶ ಅವರಿಗಿರಲಿಲ್ಲ. ನೇಟೊ ವಿಷಯಕ್ಕಾಗಿ, ಕೆಲವೇ ನಿಮಿಷದ ಗಲಾಟೆಯಲ್ಲಿ, ತಮ್ಮ ಹುಡುಗ ಸತ್ತದ್ದನ್ನು ಅವರ ಮನಸ್ಸು ಒಪ್ಪಲಿಲ್ಲ. ಅನ್ನಕ್ಕಾಗಿ ನಡೆದ ದೊಡ್ಡ ಜಗಳದಲ್ಲಿ ಅವನ ಸಾವಿಗೆ ಜಾಗ ಮಾಡಿಕೊಟ್ಟರು. ಪೊರ್ತೆಲ್ಲಿ ತಾರೀಖನ್ನು ತಿದ್ದಿದರು, ತಪ್ಪು ನೆನಪನ್ನು ಎಸೆಯಲಿಲ್ಲ. ಊರಿನ ಮನಸ್ಸು ಎಲ್ಲಿ ನೊಂದಿತ್ತು ಎಂಬುದನ್ನು ಆ ತಪ್ಪಿನಿಂದಲೇ ಓದಿದರು.

ನಮ್ಮಲ್ಲೂ ಇಂಥದ್ದು ಆಗುತ್ತದೆ. ಎರಡು ಮುಷ್ಕರ ಒಂದಾಗುತ್ತವೆ, ಬೇರೆ ಯಾರೋ ಹೇಳಿದ ಮಾತು ಪ್ರಿಯ ನಾಯಕನ ಬಾಯಿಗೆ ಬರುತ್ತದೆ. ಹಾಗಾಗಿ ಕಾಗದವೂ ಬೇಕು, ನೆನಪೂ ಬೇಕು, ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡುವ ತಾಳ್ಮೆಯೂ ಬೇಕು. ಮುಂಬೈನ ಗಿರಣಿ ಸೀಮೆಯಾದ ಗಿರಣಗಾಂವ್‌ನ ನೂರು ಜನರ ಮಾತುಗಳನ್ನು ಸೇರಿಸಿ ಮೀನಾ ಮೆನನ್ ಮತ್ತು ನೀರಾ ಆಡಾರಕರ್ 2004ರಲ್ಲಿ ತಂದ ಗ್ರಂಥ ಈ ಕೆಲಸಕ್ಕೆ ಹತ್ತಿರದ ಮಾದರಿ. ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು 1906ರಲ್ಲಿ ಅಡಿಗಲ್ಲು ಹಾಕಿದ ಬಟ್ಟೆ ಗಿರಣಿ ಈ ಶತಮಾನದ ಆರಂಭದ ಹೊತ್ತಿಗೆ ಮುಚ್ಚಿಹೋಯಿತು. ಅಲ್ಲಿ ದುಡಿದ ಕೊನೆಯ ಪೀಳಿಗೆಯೂ ಈಗ ಮುಪ್ಪಿಗೆ ಬಂದಿದೆ.

ಕನ್ನಡಕ್ಕೆ ಈ ದಾರಿ ಹೊಸದಲ್ಲ, ನಾವು ಮಾತ್ರ ಅದನ್ನು ಕಾದಂಬರಿಯ ಮೂಲಕ ಹಿಡಿದೆವು. 1941ರ ಮಾರ್ಚ್ 28ರಂದು ಕಯ್ಯೂರಿನಲ್ಲಿ ರೈತರ ಮೆರವಣಿಗೆಗೆ ಎದುರಾದ ಪೊಲೀಸನೊಬ್ಬ ಹೊಳೆಯಲ್ಲಿ ಸತ್ತ ಪ್ರಕರಣದಲ್ಲಿ ಮಠತ್ತಿಲ್ ಅಪ್ಪು, ಚಿರುಕಂಡನ್, ಕುಞಂಬು ನಾಯರ್, ಅಬೂಬಕರ್ ಎಂಬ ನಾಲ್ವರು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿದರು. ಪಕ್ಕದ ನೀಲೇಶ್ವರದಲ್ಲಿ ಓದಿದ ನಿರಂಜನರು 1955ರಲ್ಲಿ ‘ಚಿರಸ್ಮರಣೆ’ ಬರೆದರು. ಮಲೆಯಾಳ ನೆಲದ ಒಕ್ಕಲು ಹುಡುಗರು ಕನ್ನಡದ ಮನೆಗಳಿಗೆ ಬಂದದ್ದು ಹಾಗೆ. ಭಾಷೆ ದಾಟಿ ನೆನಪು ಕಾಯ್ದ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆದರೆ ಕಾದಂಬರಿಗೆ ಒಂದು ಅಪಾಯವೂ ಉಂಟು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಬದುಕಿನ ನೆರಳು ಅನಂತಮೂರ್ತಿಯವರ ‘ಅವಸ್ಥೆ’ಯ ಕೃಷ್ಣಪ್ಪನ ಮೇಲೆ ಎಷ್ಟು ದಟ್ಟವಾಗಿ ಬಿತ್ತೆಂದರೆ, ಈಗ ಗೌಡರನ್ನು ನೋಡದವರು ಕೃಷ್ಣಪ್ಪನ ಮೂಲಕವೇ ಗೌಡರನ್ನು ಕಲ್ಪಿಸಿಕೊಳ್ಳುತ್ತಾರೆ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ಎಲ್ಲರಿಗೂ ಗೊತ್ತು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದಲ್ಲಿ ನಡೆಯುತ್ತಿದ್ದ ಮೋಸವನ್ನು ಹಿಡಿದು, ದೊಡ್ಡವರು ಬರುವ ಮೊದಲೇ ಗೇಣಿದಾರರನ್ನು ಸಂಘಟಿಸಿದ್ದ ಎಚ್. ಗಣಪತಿಯಪ್ಪ ಎರಡನೆಯ ಸಾಲಿಗೆ ಸರಿದರು. ಕಾಗೋಡಿನ ಕೊಳಗ, ಇಚಲಕರಂಜಿಯ ಪಿಕ್ ಎರಡೂ ಅಳತೆಯ ಜಗಳವೇ. ಅಳತೆಯನ್ನು ಪ್ರಶ್ನಿಸಿದವನು ಮೊದಲು ಮರೆವಿಗೆ ಸಲ್ಲುತ್ತಾನೆ, ಭಾಷಣ ಮಾಡಿದವನು ಉಳಿಯುತ್ತಾನೆ.

ಇನ್ನು ಕಾಗದದ ಮಾತು. ಬಡ ಕಾರ್ಯಕರ್ತನ ಕಾಗದ ಎಷ್ಟೋ ಸಲ ಅವನ ಎದುರಾಳಿಗಳ ಬಳಿಯೇ ಭದ್ರವಾಗಿರುತ್ತದೆ. 1929ರ ಮೀರತ್ ಪಿತೂರಿ ಮೊಕದ್ದಮೆಯಲ್ಲಿ ಬ್ರಿಟಿಷ್ ಸರ್ಕಾರ ಸಾಕ್ಷಿ ಎಂದು ಮುಟ್ಟುಗೋಲು ಹಾಕಿದ ಪತ್ರ, ಕರಪತ್ರ, ಸಂಘದ ನಡಾವಳಿಗಳೇ ಇಂದು ಆ ಕಾಲದ ಕಾರ್ಮಿಕ ಚಳವಳಿಗೆ ದೊಡ್ಡ ಆಕರ. ಮನೆಯಲ್ಲಿದ್ದಿದ್ದರೆ ಗೆದ್ದಲು ತಿನ್ನುತ್ತಿತ್ತು. ಇಂದಿನ ಸಂಶೋಧಕನಿಗೂ ದಾರಿಗಳಿವೆ. 1926ರ ಕಾರ್ಮಿಕ ಸಂಘಗಳ ಕಾಯ್ದೆಯಂತೆ ನೋಂದಾಯಿತ ಸಂಘ ಪ್ರತಿವರ್ಷ ರಿಜಿಸ್ಟ್ರಾರರಿಗೆ ಸದಸ್ಯರ ಸಂಖ್ಯೆ, ಜಮಾಖರ್ಚು, ಪದಾಧಿಕಾರಿಗಳ ಬದಲಾವಣೆ ತಿಳಿಸಬೇಕಿತ್ತು. ಕಾರ್ಮಿಕ ನ್ಯಾಯಾಲಯದ ಕಡತಗಳಲ್ಲಿ ಸಾಕ್ಷಿ ಹೇಳಿದವರ ವಯಸ್ಸು, ಊರು, ಕೂಲಿ, ಕೆಲಸಕ್ಕೆ ಸೇರಿದ ವರ್ಷ ಇರುತ್ತವೆ. ವಕೀಲರ ಮನೆಯ ಅಟ್ಟದ ಮೇಲಿನ ಬ್ರೀಫುಗಳು ಇನ್ನೂ ಅಮೂಲ್ಯ, ಮಕ್ಕಳು ರದ್ದಿಗೆ ಹಾಕುವ ಮೊದಲು ಕೇಳಬೇಕು. ನೊಯ್ಡಾದ ವಿ.ವಿ. ಗಿರಿ ರಾಷ್ಟ್ರೀಯ ಕಾರ್ಮಿಕ ಸಂಸ್ಥೆಯಲ್ಲಿ ಭಾರತೀಯ ಕಾರ್ಮಿಕರ ದಾಖಲೆ ಸಂಗ್ರಹ 1998ರಿಂದ ಇದೆ. ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ ಪಿ.ಸಿ. ಜೋಶಿ ಹೆಸರಿನ ದಾಖಲಾಗಾರವಿದೆ. ದೂರದ ಊರಿನ ಚಿಕ್ಕ ಸಂಘದ ರಸೀದಿ ಪುಸ್ತಕ ತಾನಾಗಿ ಅಲ್ಲಿಗೆ ನಡೆದು ಹೋಗುವುದಿಲ್ಲ.

ಈ ಸೀಮೆಗೆ ನೀರಿನ ಭಯ ಬೇರೆ. 2005, 2019, 2021ರಲ್ಲಿ ಕೃಷ್ಣೆ, ಪಂಚಗಂಗೆ ಉಕ್ಕಿದಾಗ ಕೊಲ್ಹಾಪುರ, ಶಿರೋಳ, ಇಚಲಕರಂಜಿಯ ತಗ್ಗಿನ ಮನೆಗಳಿಗೆ ನೀರು ನುಗ್ಗಿತು. ತಗ್ಗಿನಲ್ಲಿ ಇರುವವರು ಯಾರು ಎಂದು ಬೇರೆ ಹೇಳಬೇಕಿಲ್ಲ. ನೆನೆದ ಕಾಗದವನ್ನು ಬಿಸಿಲಿಗೆ ಹರವಬಾರದು, ಹಾಳೆ ಸುರುಟಿ ಶಾಯಿ ಹಾರುತ್ತದೆ. ಅಂಟಿಕೊಂಡ ಹಾಳೆಗಳನ್ನು ಎಳೆದು ಬಿಡಿಸಲೂಬಾರದು. ನೆರಳಿನಲ್ಲಿ, ಗಾಳಿಯಾಡುವ ಕಡೆ, ಶಾಯಿ ಹೀರುವ ಕಾಗದವನ್ನು ನಡುನಡುವೆ ಇಟ್ಟು ಬದಲಿಸುತ್ತಾ ಒಣಗಿಸಬೇಕು. ಎರಡು ದಿನ ತಡವಾದರೆ ಬೂಷ್ಟು ಹಿಡಿಯುತ್ತದೆ. ಫೋಟೊಗಳ ಹಿಂದೆ ಸೀಸದ ಕಡ್ಡಿಯಿಂದ ಹಗುರಾಗಿ ಹೆಸರು, ವರ್ಷ, ಜಾಗ ಬರೆಯಬೇಕು. ಮೆರವಣಿಗೆಯ ಫೋಟೊದಲ್ಲಿ ಬಾವುಟ ಹಿಡಿದ ನಡುವಿನ ಹೆಂಗಸು ಯಾರೆಂದು ಹೇಳಬಲ್ಲ ಕೊನೆಯ ಮನುಷ್ಯ ಹೋದ ಮೇಲೆ ಆ ಫೋಟೊ ಬರಿ ಗುಂಪಿನ ಫೋಟೊ.

ಮಾತು ದಾಖಲಿಸಲು ಈಗ ಮೊಬೈಲೇ ಸಾಕು. ಕೇಳುವ ಕ್ರಮ ಮಾತ್ರ ಬದಲಾಗಬೇಕು. ‘ನಿಮ್ಮ ಹೋರಾಟದ ಬಗ್ಗೆ ಹೇಳಿ’ ಎಂದರೆ ಅನುಭವಿ ಕಾರ್ಯಕರ್ತ ಭಾಷಣ ಶುರುಮಾಡುತ್ತಾನೆ. ಮೊದಲ ಕೂಲಿ ಎಷ್ಟು, ಎಷ್ಟು ಮಗ್ಗ ನೋಡಿಕೊಳ್ಳುತ್ತಿದ್ದಿರಿ, ಮುಷ್ಕರದ ವಾರ ರೇಷನ್ ಯಾರು ಉದ್ರಿ ಕೊಟ್ಟರು, ಜೈಲಿಗೆ ಹೋದಾಗ ಮನೆ ನಡೆಸಿದ್ದು ಯಾರು ಎಂದು ಕೇಳಬೇಕು. ಕೊನೆಯ ಪ್ರಶ್ನೆಗೆ ಉತ್ತರ ಒಳಮನೆಯಿಂದ ಬರುತ್ತದೆ. ಆಗ ಮೊಬೈಲನ್ನು ಆ ಕಡೆ ತಿರುಗಿಸಬೇಕು, ಏಕೆಂದರೆ ಪೂರ್ಣಾವಧಿ ಕಾರ್ಯಕರ್ತನನ್ನು ಸಾಕಿದ್ದು ಪಕ್ಷವಲ್ಲ, ಬಹುಪಾಲು ಹೆಂಡತಿಯ ಕೂಲಿ. ಅವರು ಯಾವ ಭಾಷೆಯಲ್ಲಿ ಹೇಳುತ್ತಾರೋ ಆ ಭಾಷೆಯಲ್ಲೇ ಬರೆದಿಡಬೇಕು. ಹಲಕರ್ಣಿಯ ಅವ್ವ ಕನ್ನಡದಲ್ಲಿ ಶುರುಮಾಡಿ, ಘೋಷಣೆ ಬಂದಾಗ ಮರಾಠಿಗೆ ಹೊರಳಿ, ಬೈಗುಳಕ್ಕೆ ಮತ್ತೆ ಕನ್ನಡಕ್ಕೆ ಬಂದರೆ ಅದನ್ನು ಯಾವುದೋ ಒಂದರ ಗ್ರಂಥಭಾಷೆಗೆ ತಂದು ನಯಗೊಳಿಸಬಾರದು. ದಾಖಲಿಸಿದ್ದರ ಮೊದಲ ಪ್ರತಿ ಹೇಳಿದವರ ಮನೆಗೆ ಸೇರಬೇಕು.

ಕೊಲ್ಹಾಪುರದಲ್ಲಿ ಶಿವಾಜಿ ವಿಶ್ವವಿದ್ಯಾಲಯವಿದೆ, ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಿದೆ. ಎರಡರ ನಡುವೆ ಒಂದೇ ಹೆದ್ದಾರಿ. ಇತಿಹಾಸ, ಕನ್ನಡ, ಮರಾಠಿ ವಿಭಾಗಗಳ ವಿದ್ಯಾರ್ಥಿಗಳು ಜೋಡಿಯಾಗಿ, ಒಬ್ಬರು ಕನ್ನಡದವರು ಒಬ್ಬರು ಮರಾಠಿಯವರು, ಒಂದೊಂದು ಗಲ್ಲಿ ಹಂಚಿಕೊಂಡರೆ ಈ ಕೆಲಸಕ್ಕೆ ದೊಡ್ಡ ಅನುದಾನವೇನೂ ಬೇಡ. ಯಾರಿಂದ ಶುರುಮಾಡಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಗಡಹಿಂಗ್ಲಜದ ಸಮಾವೇಶಕ್ಕೆ ಬಂದಾಗ ಇಪ್ಪತ್ತು ವರ್ಷದವಳಾಗಿದ್ದ ಹುಡುಗಿಗೆ ಈಗ ಎಪ್ಪತ್ತು ದಾಟಿದೆ. ನಿಪ್ಪಾಣಿಯಲ್ಲಿ ಮೊದಲ ಸಲ ಸಂಘದ ಚಂದಾ ಕೊಟ್ಟ ತರುಣಿಯೂ ಈಗ ಅಜ್ಜಿ, ಅದೂ ತಂಬಾಕಿನ ಧೂಳು ಕುಡಿದ ಎದೆಯ ಅಜ್ಜಿ. ರಿಜಿಸ್ಟ್ರಾರರ ಕಡತ, ಕೋರ್ಟಿನ ಕಟ್ಟು, ಮಾಸಿಕದ ಹಳೆಯ ಸಂಚಿಕೆ ಮುಂದಿನ ವರ್ಷಕ್ಕೆ ಇರಲಿ. ಈ ಮಳೆಗಾಲದೊಳಗೆ ಈ ಇಬ್ಬರಂಥವರ ಮನೆಗಳಿಗೆ ಹೋಗಿಬರಬೇಕು.